ಓಬಳೇಶಿಯ ಕತ್ತು

ನಾನು ಒಂದು ಕ್ಷೌರದ ಕುರ್ಚಿ. ಕಬ್ಬಿಣದ ಕಾಲು, ಕೆಂಪು ರೆಕ್ಸಿನ್ ಹೊದಿಕೆ, ತಲೆಯಾನಿಸಲು ಒಂದು ಪುಟ್ಟ ದಿಂಬು. ಜೋಡಿಸಿದ ದಿನ ಕಾರ್ಖಾನೆಯವರು ನನ್ನ ಬುಡದ ಪೆಡಲನ್ನು ಒತ್ತಿ ನೋಡಿದರು. ಒತ್ತಿದಷ್ಟೂ ಮೇಲೆದ್ದೆ. ಕೂತವರು ಕುಳ್ಳಗಿರಲಿ, ಉದ್ದವಿರಲಿ, ಅವರ ತಲೆಯನ್ನು ಕ್ಷೌರಿಕನ ಎದೆಯ ಮಟ್ಟಕ್ಕೆ ತಂದುಕೊಡುವುದು ನನ್ನ ಕೆಲಸ. ಆ ಕೆಲಸ ನನ್ನಿಂದ ಬಹಳ ಕಾಲ ಆಗಲಿಲ್ಲ.

ದಾವಣಗೆರೆಯ ದೊಡ್ಡ ಸಲೂನಿನಲ್ಲಿ ಕೆಲವು ವರ್ಷ ಚೆನ್ನಾಗಿದ್ದೆ. ಆಮೇಲೆ ಪಂಪಿನ ಎಣ್ಣೆ ಸೋರತೊಡಗಿತು. ಕಟಿಂಗ್ ಅರ್ಧಕ್ಕೆ ಬರುವಷ್ಟರಲ್ಲಿ ಗಿರಾಕಿಯೊಂದಿಗೆ ಮೆಲ್ಲಗೆ ಕೆಳಗಿಳಿಯುತ್ತಿದ್ದೆ. ಕನ್ನಡಿಯಲ್ಲಿ ತಮ್ಮ ಮುಖ ಮುಳುಗುವುದನ್ನು ಕಂಡು ಜನ ನಗುತ್ತಿದ್ದರು. ನನಗೆ ನೆಲ ಬಿರಿದು ಒಳಗೆ ಹೋಗಬೇಕೆನಿಸುತ್ತಿತ್ತು. ಕಡೆಗೆ ಮಾಲೀಕರು ನನ್ನನ್ನು ಮಾರಿದರು.

ಕೊಂಡವನು ಚಳ್ಳಕೆರೆಯ ಓಬಳೇಶಿ. ಒಂದೇ ಕೋಣೆಯ ಅಂಗಡಿ, ತೊಲೆಗೆ ತಲೆ ತಾಗುವಂಥ ಎತ್ತರದ ಆಳು. ಕತ್ತಿ ಹಿಡಿದಾಗ ಕುರ್ಚಿ ಕುಸಿದರೆ ಯಾರ ಗಂಟಲಿಗಾದರೂ ಅಪಾಯ ಎಂದು ಅವನು ನಾನು ಮೇಲೆ ಕೆಳಗೆ ಆಡದಂತೆ ವೆಲ್ಡಿಂಗ್ ಮಾಡಿಸಿದ. ಅದೂ ತೀರ ಕೆಳಮಟ್ಟದಲ್ಲಿ. ಅವನ ಗಿರಾಕಿಗಳಲ್ಲಿ ಮಂಡಿನೋವಿನ ಮುದುಕರೇ ಹೆಚ್ಚು. ಅವರು ಸಲೀಸಾಗಿ ಕೂರಲಿ ಎಂಬುದು ಅವನ ಆಸೆ. ಅವರು ಕೂತರು. ಅವನು ಬಗ್ಗಿದ. ವರ್ಷಗಟ್ಟಲೆ ಬಗ್ಗಿದ. ‘ಓಬಳೇಶಿ ಎಷ್ಟು ವಿನಯವಂತ’ ಎಂದು ಜನ ಹೊಗಳುತ್ತಿದ್ದರು. ನನ್ನ ತಗ್ಗಿಗೆ ಅವನು ವಿನಯವಂತನಾದ.

ಇನ್ನೊಂದು ಕೆಲಸಕ್ಕೂ ಅವನು ಹೆಸರಾಗಿದ್ದ. ಕಟಿಂಗ್ ಮುಗಿದ ಮೇಲೆ ಗದ್ದವನ್ನು ಒಂದು ಕೈಲಿ, ತಲೆಯನ್ನು ಇನ್ನೊಂದು ಕೈಲಿ ಹಿಡಿದು ಲಟಕ್ಕನೆ ತಿರುಗಿಸಿ ಕತ್ತಿನ ನೆಟಿಗೆ ತೆಗೆಯುತ್ತಿದ್ದ. ಅದಿಲ್ಲದಿದ್ದರೆ ಕಟಿಂಗ್ ಪೂರ್ತಿಯಾಯಿತೆಂದು ಯಾರೂ ಒಪ್ಪುತ್ತಿರಲಿಲ್ಲ. ಊರಿನ ಕತ್ತುಗಳನ್ನೆಲ್ಲ ಹಗುರ ಮಾಡುವವನ ಕತ್ತು ಮಾತ್ರ ಮರದ ಹಾಗೆ ಬಿಗಿಯುತ್ತ ಬಂತು. ಗಿರಾಕಿಗಳಿಲ್ಲದಾಗ ಬಾಗಿಲು ಅರ್ಧ ಮುಚ್ಚಿ ನನ್ನ ಮೇಲೆ ಕೂತು ತನ್ನ ಕತ್ತನ್ನು ತಾನೇ ತಿರುಚಿಕೊಳ್ಳುತ್ತಿದ್ದ. ನೋವಿನೆಣ್ಣೆ ಹಚ್ಚಿದರೆ ವಾಸನೆ ಗೊತ್ತಾದೀತೆಂದು ಅದರ ಮೇಲೆ ಪೌಡರ್ ಬಳಿಯುತ್ತಿದ್ದ. ನೋವು ಹೆಗಲಿಗೆ ಇಳಿಯಿತು, ಅಲ್ಲಿಂದ ತೋಳಿಗೆ. ಬಲಗೈಯ ಹೆಬ್ಬೆರಳು, ತೋರುಬೆರಳು ಜೋಮು ಹಿಡಿದವು. ಕತ್ತಿ ಹಿಡಿಯುವ ಬೆರಳುಗಳು. ಅವನು ಯಾರಿಗೂ ಹೇಳಲಿಲ್ಲ.

ಎಣ್ಣೆ ಮಿಲ್ಲಿನಲ್ಲಿ ದುಡಿದು ನಿವೃತ್ತರಾದ ದಸ್ತಗಿರಿ ಸಾಬರು ಶುಕ್ರವಾರದ ಗಿರಾಕಿ. ಒಂದು ಶುಕ್ರವಾರ ಅವರ ಕಿವಿಯ ಕೆಳಗೆ ಕತ್ತಿ ಜಾರಿತು. ಬಿಳಿ ನೊರೆಯಲ್ಲಿ ಕೆಂಪು ಹರಿಯಿತು. ಓಬಳೇಶಿಯ ಮುಖ ಬಿಳಿಚಿಕೊಂಡಿತು. ಸಾಬರು ತಾವೇ ಪಟಿಕದ ತುಂಡು ಎತ್ತಿ ಒತ್ತಿಕೊಂಡರು.

“ನಾನೇ ಅಲ್ಲಾಡಿಬಿಟ್ಟೆ ಕಣಪ್ಪ,” ಎಂದರು.

ಅವರು ಅಲ್ಲಾಡಿರಲಿಲ್ಲ. ಅದು ನನಗೂ ಗೊತ್ತು, ಅವನಿಗೂ ಗೊತ್ತು.

ಆಮೇಲೆ ಒಬ್ಬೊಬ್ಬರೇ ನೆಟಿಗೆ ಬೇಡವೆನ್ನತೊಡಗಿದರು. ಒಬ್ಬನಿಗೆ ಬಸ್ಸಿಗೆ ಹೊತ್ತಾಯಿತು, ಇನ್ನೊಬ್ಬನಿಗೆ ನೆಗಡಿ. ಓಬಳೇಶಿ ಕುಗ್ಗಿಹೋದ. ಮುಂದಿನ ಶುಕ್ರವಾರ ಸಾಬರೂ ಬೇಡವೆಂದಾಗ ಅವನು ಟವೆಲ್ ಕೊಡವಿ ಕೇಳಿದ:

“ಕೈ ಕೆಟ್ಟೋಗೈತೆ ಅಂತ ಊರೆಲ್ಲ ಆಡ್ಕೊಳ್ತಾರಾ ಸಾಬ್ರೇ? ಹೇಳ್ಬಿಡಿ. ಅಂಗಡಿ ಮುಚ್ತೀನಿ.”

“ಮುಚ್ಚು. ಗಡ್ಡ ಬಿಟ್ಕೊಂಡು ನಾವೆಲ್ಲ ಫಕೀರರಾಗ್ತೀವಿ.”

“ತಮಾಷೆ ಬ್ಯಾಡ.”

“ತಮಾಷೆ ಅಲ್ಲಪ್ಪ. ನಮ್ಮ ಕತ್ತು ತಿರುಗಿಸುವಾಗ ನಿನ್ನ ಮುಖ ಕನ್ನಡೀಲಿ ಕಾಣಲ್ವಾ? ಹಲ್ಲು ಕಚ್ಕೊಂಡು ತಿರುಗಿಸ್ತೀಯ. ಅದಕ್ಕೇ ಎಲ್ಲ ಮಾತಾಡ್ಕೊಂಡು ಬ್ಯಾಡ ಅಂದ್ವಿ. ಪೌಡರ್ ಎಷ್ಟು ಸುರ್ಕೊಂಡ್ರೂ ಎಣ್ಣೆ ವಾಸ್ನೆ ಹೋಗಲ್ಲ ಕಣೋ.”

ಓಬಳೇಶಿ ಗೋಡೆಯ ಕಡೆ ತಿರುಗಿ ನಿಂತ. ತಾನು ಮುಚ್ಚಿಟ್ಟದ್ದನ್ನು ಕೇರಿಯೇ ಜೋಪಾನವಾಗಿ ಮುಚ್ಚಿಟ್ಟುಕೊಂಡಿತ್ತು. ಬೈದಿದ್ದರೆ ಅವನು ತಡೆದುಕೊಳ್ಳುತ್ತಿದ್ದ. 

ಸೋಮವಾರ ಸಾಬರೇ ಅವನನ್ನು ಸರ್ಕಾರಿ ಆಸ್ಪತ್ರೆಗೆ ಕರೆದೊಯ್ದರು. ಬಂದವನು ಹೆಂಡತಿ ತಿಪ್ಪಮ್ಮನ ಮುಂದೆ, ನನ್ನ ಪಕ್ಕದಲ್ಲೇ ನಿಂತು ವರದಿ ಒಪ್ಪಿಸಿದ. ಕತ್ತಿನ ಮೂಳೆ ಸವೆದಿದೆಯಂತೆ. ವಯಸ್ಸಾದಂತೆ ಬಹಳ ಜನರಿಗೆ ಸವೆಯುತ್ತದಂತೆ. ಕೈಗೆ ಹೋಗುವ ನರ ಒತ್ತಿದೆಯಂತೆ. ವ್ಯಾಯಾಮ ಮಾಡಿ ನೋಡೋಣ, ಕೈ ಸೋತರೆ ಮಾತ್ರ ತಡಮಾಡದೆ ಬಾ ಎಂದರಂತೆ ಡಾಕ್ಟರು.

“ವ್ಯಾಯಾಮ ಹೇಳ್ಕೊಡೋ ಫಿಸಿಯೋ ಮೇಡಂ ಕೈಗೊಂದು ಬಾಚಣಿಗೆ ಕೊಟ್ಟು, ಕೆಲ್ಸ ಹೆಂಗ್ ಮಾಡ್ತೀಯ ತೋರ್ಸು ಅಂದ್ರು. ತೋರಿಸ್ದೆ. ನಿನ್ ಕುರ್ಚಿ ಬಾವೀಲೈತಾ ಅಂದ್ರು.”

ತಿಪ್ಪಮ್ಮ ನಕ್ಕಳು. ನಾನು ನಗಲಿಲ್ಲ.

“ನೆಟಿಗೆ ತೆಗ್ಯೋದೂ ಬಿಡ್ಬೇಕಂತೆ. ನನ್ಗಷ್ಟೇ ಅಲ್ಲ, ಗಿರಾಕಿಗೂ ಅಪಾಯವಂತೆ. ರಕ್ತನಾಳಕ್ಕೆ ಪೆಟ್ಟಾದ್ರೆ ಲಕ್ವ ಹೊಡೀಬೋದಂತೆ. ಇಷ್ಟು ವರ್ಷ ಏನ್ ಮಾಡ್ತಿದ್ದೆ ನೋಡು.” ಅವನು ತನ್ನ ಎರಡೂ ಕೈಗಳನ್ನು ಪರರ ಕೈಗಳಂತೆ ನೋಡಿಕೊಂಡ. “ದೇವರು ದೊಡ್ಡೋನು, ಯಾರಿಗೂ ಏನೂ ಆಗ್ಲಿಲ್ಲ.”

ಮರುದಿನ ನನ್ನ ಬುಡಕ್ಕೆ ಎತ್ತರದ ಕಬ್ಬಿಣದ ಪೀಠ ಬಂತು. ಹತ್ತಲೊಂದು ಮೆಟ್ಟಿಲೂ ಬಂತು. ಪ್ರತಿ ಗಿರಾಕಿಯ ನಂತರ ಓಬಳೇಶಿ ಗೋಡೆಗೆ ಬೆನ್ನು ಕೊಟ್ಟು ನಿಂತು, ಗದ್ದವನ್ನು ಮೆಲ್ಲಗೆ ಹಿಂದಕ್ಕೆ ಎಳೆದುಕೊಳ್ಳುತ್ತಿದ್ದ, ಭುಜ ಹಿಂದಕ್ಕೆ ಚಾಚುತ್ತಿದ್ದ. ಮೊದಮೊದಲು ಬಾಗಿಲು ಮುಚ್ಚಿಕೊಂಡು. ಒಂದು ದಿನ ಯಾರೋ ಕಿಟಕಿಯಿಂದ “ಯಾರ ಮೇಲೋ ಮುನಿಸ್ಕೊಂಡಂಗೆ ಕಾಣ್ತೀಯಲ್ಲೋ” ಎಂದರು. ಅವನೂ ನಕ್ಕ. ಆಮೇಲೆ ಬಾಗಿಲು ಮುಚ್ಚಲಿಲ್ಲ.

ನೋವು ಒಂದೇ ಸಲಕ್ಕೆ ಹೋಗಲಿಲ್ಲ. ಒಂದು ವಾರ ಹಗುರ, ಮತ್ತೊಂದು ವಾರ ಬಿಗಿ. ವ್ಯಾಯಾಮ ಮರೆತರೆ ನೆನಪಿಸಲು ಬರುತ್ತಿತ್ತು. ಜೋಮು ಇರುವಷ್ಟು ಕಾಲ ಅವನು ಕತ್ತಿ ಮುಟ್ಟಲಿಲ್ಲ, ಮಷಿನ್ ಮಾತ್ರ ಹಿಡಿದ. ಸಾಬರ ಗಡ್ಡ ಒರಟಾಗಿಯೇ ಉಳಿಯುತ್ತಿತ್ತು. ಅವರು ಬೇರೆ ಅಂಗಡಿಗೆ ಹೋಗಲಿಲ್ಲ.

ಈಗ ನನ್ನ ರೆಕ್ಸಿನ್ ಹರಿದು ಹತ್ತಿ ಹೊರಬಂದಿದೆ. ಇಷ್ಟು ವರ್ಷ ಅವನ ಕತ್ತನ್ನು ಕೆಳಕ್ಕೆ ಎಳೆದದ್ದು ನಾನೇ ಎಂಬ ನಾಚಿಕೆ ಈ ಎತ್ತರದಲ್ಲೂ ಹೋಗಿಲ್ಲ. ಅವನು ಒಳ್ಳೆಯ ಮನಸ್ಸಿನಿಂದಲೇ ನನ್ನನ್ನು ತಗ್ಗಿಸಿದ್ದು ನಿಜ. ಆದರೆ ತಗ್ಗು ತಗ್ಗೇ, ಅದರ ಭಾರ ಯಾರೋ ಹೊರುತ್ತಾರೆ.

ಮೊನ್ನೆ ಶುಕ್ರವಾರ ಸಾಬರು ಮೆಟ್ಟಿಲ ಬಳಿ ಬಂದು ಉಸ್ಸೆಂದು ನಿಂತರು. ಓಬಳೇಶಿ ಬಲಗೈ ಚಾಚಿದ. ಅವರು ಹಿಡಿದುಕೊಂಡರು. ಅವನು ಅವರನ್ನು ಮೇಲೆತ್ತದೆ, ಆ ಕೈಯ ಮೇಲೆ ಹೆಬ್ಬೆರಳು ಆಡಿಸುತ್ತ ಹಾಗೇ ನಿಂತುಬಿಟ್ಟ.

“ನಿಮ್ ಕೈ ತಣ್ಣಗೈತಲ್ಲ ಸಾಬ್ರೇ.”

“ಈಗ ತಾನೇ ತೊಳ್ಕೊಂಡ್ ಬಂದೆ. ಅದ್ರಲ್ಲೇನು?”

“ಏನಿಲ್ಲ. ಬೆರಳಿಗೆ ಗೊತ್ತಾಯ್ತು,” ಎಂದ ಓಬಳೇಶಿ. ಅವರನ್ನು ಕೂರಿಸಿ, ಬಹಳ ದಿನಗಳ ಮೇಲೆ ಕ್ಷೌರದ ಕತ್ತಿಗೆ ಹೊಸ ಬ್ಲೇಡ್ ಹಾಕಿದ. ಸಾಬರು ದಿಂಬಿಗೆ ತಲೆಯಾನಿಸಿ ಕಣ್ಣು ಮುಚ್ಚಿದರು.