ಇಬ್ಬರು ಬೀಗ್ತಿಯರ ಚಳಿ

ಶಿಲ್ಪಳಿಗೆ ಎರಡನೆಯ ಹೆರಿಗೆಯಾದದ್ದು ಡಿಸೆಂಬರಿನಲ್ಲಿ, ಚಳ್ಳಕೆರೆಯ ಒಂದು ನರ್ಸಿಂಗ್ ಹೋಮಿನಲ್ಲಿ. ಹೆಣ್ಣು ಕೂಸು. ನೋಡಲು ಬಂದವರೆಲ್ಲ ಮೂಗು ಅಪ್ಪನದು, ಹಣೆ ಅಜ್ಜಿಯದು ಎಂದು ಹಂಚಿ ಮುಗಿಸಿದ ಮೇಲೆ ಡಾಕ್ಟರು ಬಂದು, ನಾಳೆ ಮನೆಗೆ ಹೋಗಬಹುದು ಎಂದರು. ಯಾವ ಮನೆಗೆ ಎಂದು ಅವರು ಹೇಳಲಿಲ್ಲ. ತೊಂದರೆ ಶುರುವಾದದ್ದೇ ಅಲ್ಲಿಂದ.

ಮೊದಲ ಬಾಣಂತನ ಪದ್ಧತಿಯಂತೆ ತವರಿನಲ್ಲಿ, ಸಿದ್ದಾಪುರದಲ್ಲಿ ಆಗಿತ್ತು. ಎರಡನೆಯದಕ್ಕೆ ಇಂಥಲ್ಲೇ ಆಗಬೇಕೆಂಬ ಕಟ್ಟಳೆ ಇಲ್ಲ. ಹಾಗಾಗಿ ತಾಯಿ ಬೊಮ್ಮಕ್ಕ, ಅತ್ತೆ ಸೂರಮ್ಮ ಇಬ್ಬರೂ ಧಾರಾಳವಾಗಿ ಮುಂದೆ ಬಂದರು.

"ಹೆತ್ತ ಮಗಳನ್ನ ಬಿಟ್ಟು ಹೋಗ್ತೀನಾ? ಕರ್ಕಂಡೇ ಹೋಗ್ತೀನಿ" ಎಂದಳು ಬೊಮ್ಮಕ್ಕ. ಆಮೇಲೆ ದನಿ ತಗ್ಗಿಸಿ, "ಆದ್ರೆ ನಮ್ಮೂರಿನ ಚಳಿ ನಿಮಗೆ ಗೊತ್ತಿಲ್ಲ ಬೀಗ್ತಿ. ಸುತ್ತ ಬರೀ ಬಂಡೆ. ರಾತ್ರಿಯೆಲ್ಲ ಚಳಿ ಕುಡ್ದು ಬೆಳಿಗ್ಗೆ ನಮ್ಮ ಮ್ಯಾಲೆ ಉಗುಳ್ತಾವೆ. ಎಳೇ ಕೂಸು ತಡೀಬೇಕಲ್ಲ" ಎಂದಳು.

"ನಮ್ಮನೆ ಸೊಸೇನ ನಾವು ನೋಡ್ಕಳ್ದೆ ಇನ್ಯಾರು ನೋಡ್ಕಬೇಕು?" ಎಂದಳು ಸೂರಮ್ಮ. "ಆದ್ರೆ ನಮ್ಮದು ಊರಾಚೆ ಮನೆ. ಬಯಲ ಗಾಳಿ ನೆಟ್ಟಗೆ ಬಾಗ್ಲಿಗೇ ಬಂದು ಬಡೀತೈತೆ. ನಿಮ್ಮಲ್ಲಿ ಬಂಡೆ ಅಡ್ಡ ಐತಲ್ಲ, ಎಷ್ಟೋ ಬೆಚ್ಚಗೆ."

ಮಂಚದ ಮೇಲೆ ಮಲಗಿದ್ದ ಶಿಲ್ಪ ಅವರಿಬ್ಬರ ಮುಖವನ್ನೂ ನೋಡಿದಳು. ಬೇಸಿಗೆಯಲ್ಲಿ ಇದೇ ಬೊಮ್ಮಕ್ಕ ಬಂಡೆಗಳ ಕಾವಿಗೆ ಬೈದಿದ್ದಳು. ಇದೇ ಸೂರಮ್ಮ ಮನೆಯೊಳಗೆ ಉಸಿರಾಡಲು ಗಾಳಿ ಇಲ್ಲ ಎಂದು ಮಗನಿಂದ ಕೂಲರ್ ತರಿಸಿದ್ದಳು.

ಗಂಡ ಮಾರುತೇಶ ಎಣ್ಣೆ ಮಿಲ್ಲೊಂದರಲ್ಲಿ ಲಾರಿಗಳ ತೂಕ ನೋಡುವ ಕೆಲಸದವನು. ಎರಡು ಕಡೆಯದನ್ನೂ ತೂಗಿ ನೋಡುವ ಅಭ್ಯಾಸ ಅವನಿಗೆ ಇತ್ತು. ಫೋನು ತೆಗೆದು, "ಅವ್ವ, ಎರಡೂ ಊರಿಗೂ ಹದಿನೇಳು ಡಿಗ್ರೀನೇ ತೋರಿಸ್ತೈತೆ" ಎಂದ.

"ಫೋನಿಗೇನು ಚಳಿ ಆಗ್ತೈತೇನೋ?" ಎಂದಳು ಸೂರಮ್ಮ. ಬೊಮ್ಮಕ್ಕನೂ ಬೀಗ್ತಿಯ ಪಕ್ಷ ವಹಿಸಿ, "ಅಳಿಯಂದ್ರೇ, ಅದನ್ನ ಒಳಗಿಡಿ" ಎಂದಳು.

ಇಬ್ಬರೂ ಹೆದರಿದ್ದು ಕೂಸಿಗಲ್ಲ. ಕೂಸು ಹಾಲು ಕುಡಿದು ಮಲಗುತ್ತಿತ್ತು. ಭಯ ಹುಟ್ಟಿಸಿದವನು ಅದರ ಅಣ್ಣ, ಎರಡೂವರೆ ವರ್ಷದ ತಿಪ್ಪೇರುದ್ರ. ಅವನು ಆ ಹೊತ್ತಿಗೆ ಪಕ್ಕದ ಮಂಚದ ರೋಗಿಯ ಚಪ್ಪಲಿಯನ್ನು ಕಿಟಕಿಯಿಂದ ಆಚೆ ಹಾಕಿ, ಎರಡನೆಯದನ್ನು ಹುಡುಕುತ್ತಿದ್ದ.

ಕೊನೆಗೆ ತೀರ್ಪು ಕೊಟ್ಟವನು ಮಾವ ನಾಗೇಂದ್ರಪ್ಪ. ಆತ ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರಾಗಿದ್ದು ನಿವೃತ್ತನಾದವನು. ಜನವನ್ನೂ ಸಾಮಾನನ್ನೂ ಬೇರೆ ಬೇರೆ ಮಾಡಿ ಕೂರಿಸುವುದರಲ್ಲಿ ಕೈ ಪಳಗಿತ್ತು. "ತಾಯಿ, ಕೂಸು ಸಿದ್ದಾಪುರಕ್ಕೆ. ಹುಡುಗ ಇಲ್ಲಿಗೆ. ಮುಗೀತು" ಎಂದು ಹೇಳಿ, ಕರ್ತವ್ಯ ಮುಗಿದವನಂತೆ ಟೀ ಕುಡಿಯಲು ಹೊರಟ.

ಸಿದ್ದಾಪುರದಲ್ಲಿ ಬೊಮ್ಮಕ್ಕ ಕೋಣೆಯ ಕಿಟಕಿಗೆ ಕಂಬಳಿ ಜಡಿದಳು. ಬೆಳಿಗ್ಗೆ ಹಂಡೆಯ ತುಂಬ ನೀರು ಕಾಯಿಸಿ, ಕಾಲು ಚಾಚಿ ಕೂತು, ಕೂಸನ್ನು ಕಾಲ ಮೇಲೆ ಮಲಗಿಸಿ ಎಣ್ಣೆ ತಿಕ್ಕಿ ನೀರು ಹಾಕಿದಳು. "ನಾ ತಲ್ಲಿ, ನಾ ಬಂಗಾರ" ಎಂದು ತೆಲುಗಿನಲ್ಲಿ ಮುದ್ದು ಮಾಡಿದಳು. ಮೇಲೇಳುವಾಗ ಮಾತ್ರ ಗೋಡೆ ಹಿಡಿದುಕೊಂಡು, ಹಲ್ಲು ಕಚ್ಚಿ, ಎರಡು ಸಲ ಪ್ರಯತ್ನಿಸಿದಳು. "ಏನಾಯ್ತವ್ವ?" ಎಂದು ಶಿಲ್ಪ ಕೇಳಿದರೆ, "ಏನಿಲ್ಲ ಬಿಡು, ಸೀರೆ ತೊಡರ್ತು" ಎಂದಳು. ತಂದೆ ಚಿಕ್ಕೀರಪ್ಪ ಕುರಿ ಹೊಡೆದುಕೊಂಡು ಬೆಳಿಗ್ಗೆ ಹೋದರೆ ಸಂಜೆಗೇ ಬರುತ್ತಿದ್ದುದು. ಬಂದವನು ಬಾಗಿಲಲ್ಲೇ ನಿಂತು, "ಕೂಸು ಚೆನ್ನಾಗೈತಾ?" ಎಂದು ಕೇಳಿ, ಕುರಿಗಳನ್ನು ವಿಚಾರಿಸಿಕೊಳ್ಳುವಷ್ಟು ಹೊತ್ತೂ ನಿಲ್ಲದೆ ಊಟಕ್ಕೆ ಕೂರುತ್ತಿದ್ದ.

ವಾರ ತುಂಬುವ ಮೊದಲೇ ಸೂರಮ್ಮನ ಫೋನು ಬಂತು.

"ಹುಡುಗ ತಾಯಿ ಇಲ್ದೆ ಸೊರಗಿ ಕಡ್ಡಿ ಆಗ್ಯಾನೆ ಶಿಲ್ಪಾ. ಅನ್ನ ಬೇಡ, ನೀರು ಬೇಡ. ನನ್ನ ಕಣ್ಣಲ್ಲಿ ನೋಡಾಕಾಗ್ತಿಲ್ಲ."

ಅವಳ ಮಾತಿನ ಹಿಂದೆ ಹುಡುಗನ ಕೇಕೆ, ಪಾತ್ರೆ ಉರುಳಿದ ಸದ್ದು, "ಲೇ, ಬಿಡೋ ಅದನ್ನ!" ಎಂಬ ನಾಗೇಂದ್ರಪ್ಪನ ಕೂಗು ಕೇಳಿಸುತ್ತಿದ್ದವು. ಮರುದಿನ ಮಾರುತೇಶ ಸೊರಗಿದ ಮಗನನ್ನು ಬಸ್ಸಿನಲ್ಲಿ ಕರೆತಂದ. ಸೊರಗಿದ ಮಗ ಎರಡೂ ಕೈಯಲ್ಲಿ ಮಿರ್ಚಿ ಬಜ್ಜಿ ಹಿಡಿದಿದ್ದ. ಟಿವಿ ರಿಮೋಟು ನೀರಿನ ಡ್ರಮ್ಮಿಗೆ ಬಿದ್ದ ಸುದ್ದಿಯನ್ನು ಮಾರುತೇಶ ಹೊರಡುವ ಮುನ್ನ, ಮುಖ ಬೇರೆ ಕಡೆ ತಿರುಗಿಸಿ ಹೇಳಿದ.

"ಒಂದೆರಡು ದಿನ ಇದ್ದು ಹೋಗ್ರಿ" ಎಂದಳು ಶಿಲ್ಪ.

"ಮಿಲ್ಲಲ್ಲಿ ರಜೆ ಎಲ್ಲೈತೆ? ಶೇಂಗಾ ಸೀಜನ್ನು" ಎಂದು ಅವನು ಅದೇ ಬಸ್ಸಿಗೆ ವಾಪಸ್ಸು ಹತ್ತಿದ.

ತಂಗಿಗೆ ಏನೇನು ಸಿಗುತ್ತದೋ ಅದೆಲ್ಲ ತಿಪ್ಪೇರುದ್ರನಿಗೂ ಬೇಕಾಯಿತು. ಅವಳಿಗೆ ಎಣ್ಣೆ ತಿಕ್ಕಿದರೆ ಅವನಿಗೂ ತಿಕ್ಕಬೇಕು. ಸಾಂಬ್ರಾಣಿ ಹೊಗೆ ಹಿಡಿದರೆ ಅವನ ತಲೆಗೂ ಹಿಡಿಯಬೇಕು. ಬಟ್ಟೆಯಲ್ಲಿ ಸುತ್ತಿದರೆ ಅವನನ್ನೂ ಸುತ್ತಬೇಕು. ಸುತ್ತಿದ ಮೇಲೆ ನಡೆಯಲಾಗದೆ ಬಿದ್ದರೆ ಸುತ್ತಿದವರೇ ಬೈಸಿಕೊಳ್ಳಬೇಕು. ಬೊಮ್ಮಕ್ಕ ಒಂದು ಕೂಸಿನ ಬಾಣಂತನಕ್ಕೆ ಒಪ್ಪಿ ಎರಡರದನ್ನು ಮಾಡಿದಳು. ಒಂದು ಬೆಳಿಗ್ಗೆ ಅವನು ತಂಗಿಗೆ ಜೊತೆಯಿರಲಿ ಎಂದು ಅಜ್ಜನ ಕುರಿಮರಿಯೊಂದನ್ನು ಬಾಣಂತಿ ಕೋಣೆಗೆ ಎಳೆದು ತಂದ. ಕೂಸಿನ ಉಣ್ಣೆ ಕುಲಾವಿ ಅಲ್ಲೇ ಗೂಟಕ್ಕೆ ನೇತುಹಾಕಿತ್ತು. ಶಿಲ್ಪ ಕಣ್ಣು ಬಿಡುವಷ್ಟರಲ್ಲಿ ಮರಿಯ ಬಾಯಿಂದ ಅದರ ದಾರವೊಂದು ಮಾತ್ರ ಹೊರಗೆ ಕಾಣುತ್ತಿತ್ತು.

ಅವತ್ತೇ ಬೊಮ್ಮಕ್ಕ ಬಂಡೆಗಳ ಕಡೆ ನೋಡಿ, "ಮಂಜು ಇಳಿದೈತೆ. ಕೂಸಿನ ಮೂಗು ಕಟ್ಟಿದ್ರೆ ಇಲ್ಲಿ ಡಾಕ್ಟ್ರು ಎಲ್ಲಿ ಸಿಗ್ತಾರೆ? ಚಳ್ಳಕೆರೆನೇ ವಾಸಿ" ಎಂದು ತೀರ್ಮಾನಿಸಿದಳು. ಬಂಡೆಗಳು ಬಿಸಿಲಿಗೆ ಹೊಳೆಯುತ್ತಿದ್ದವು.

ಚಳ್ಳಕೆರೆಯ ಮನೆಯ ಬಾಗಿಲಲ್ಲಿ ಸೂರಮ್ಮ ಆರತಿ ಎತ್ತಿದಳು. ಎತ್ತುತ್ತಲೇ, "ನಾಳೆಯಿಂದ ಧನುರ್ಮಾಸ. ಸಂಕ್ರಾಂತಿ ಆಗೋ ತನಕ ಬಾಣಂತಿ ಅಲ್ಲಿದ್ದಿದ್ರೆ ಚೆನ್ನಾಗಿತ್ತಪ್ಪ" ಎಂದಳು.

"ಅದಕ್ಕೇ ಇವತ್ತು ಕರ್ಕಂಡು ಬಂದೆ. ನಾಳೆಯಿಂದ ಅಲ್ಲಾಡಿಸೋ ಹಂಗಿಲ್ಲ" ಎಂದು ಬೊಮ್ಮಕ್ಕ ಚೀಲ ಕೆಳಗಿಟ್ಟು, ಸಂಜೆಯ ಬಸ್ಸಿನ ಹೊತ್ತು ಕೇಳಿದಳು.

ಸೂರಮ್ಮ ಅವಳ ಕೈ ಹಿಡಿದುಕೊಂಡಳು. ಪ್ರೀತಿಯಿಂದ ಹಿಡಿದದ್ದೋ, ಓಡಿಹೋಗುವವರನ್ನು ಹಿಡಿದದ್ದೋ ಶಿಲ್ಪಳಿಗೆ ತಿಳಿಯಲಿಲ್ಲ. "ಎಲ್ಲಿಗೆ ಬಸ್ಸು? ತಾಯಿ ಕಡೆಯೋರು ಒಬ್ರು ಇರಬೇಕು ಬೀಗ್ತಿ. ಇಲ್ದಿದ್ರೆ ಜನ ಏನಂತಾರೆ?"

ಜನ ಎಂಬ ಮಾತು ಬಂದ ಮೇಲೆ ಬೊಮ್ಮಕ್ಕ ಸಿಕ್ಕಿಬಿದ್ದಳು.

ಅಲ್ಲಿಂದ ಮರ್ಯಾದೆಯ ದಿನಗಳು ಶುರುವಾದವು. ಬೆಳಿಗ್ಗೆ ಎಣ್ಣೆ ಹಚ್ಚಿದ ಕೂಸನ್ನು ಮಡಿಲಲ್ಲಿಟ್ಟುಕೊಂಡು ಶಿಲ್ಪ ಕೂತಿದ್ದರೆ, ಬಚ್ಚಲ ಬಾಗಿಲಲ್ಲಿ ಇಬ್ಬರೂ ಒಬ್ಬರಿಗೊಬ್ಬರು ದಾರಿ ಬಿಡುತ್ತಿದ್ದರು.

"ನೀವು ಎರೀರಿ ಬೀಗ್ತಿ. ನಿಮ್ಮ ಕೈಗುಣ ಚೆನ್ನಾಗೈತೆ."

"ಅಯ್ಯೋ, ನಿಮ್ಮ ಮನೇಲಿ ನಾನು ಮುಂದೆ ಬರೋದಾ? ಮೊದ್ಲು ನೀವು."

"ಹೆತ್ತ ತಾಯಿಗಿಂತ ಹೆಚ್ಚಾ ನಾನು?"

"ವಂಶದ ಅಜ್ಜಿಗಿಂತ ಹೆಚ್ಚಾ ನಾನು?"

ಹಂಡೆಯ ನೀರು ಆರುತ್ತಿತ್ತು. ಕೂಸು ಸೀನುತ್ತಿತ್ತು. ಸೀನಿದ ಕೂಡಲೇ ಇಬ್ಬರೂ ಒಟ್ಟಿಗೆ, "ನೋಡಿದ್ಯಾ, ಚಳಿ!" ಎನ್ನುತ್ತಿದ್ದರು. ಕೊನೆಗೆ ಎಷ್ಟೋ ಸಲ ಶಿಲ್ಪಳೇ ಹೊಲಿಗೆಯ ನೋವು ನುಂಗಿ, ಮಣೆ ಎಳೆದುಕೊಂಡು ನೀರು ಹಾಕಿದಳು. ಆಗ ಇಬ್ಬರೂ ಬಾಗಿಲಲ್ಲಿ ನಿಂತು, ಬಾಣಂತಿ ತಣ್ಣೀರು ಮುಟ್ಟಬಾರದೆಂದು ಬುದ್ಧಿ ಹೇಳಿದರು. ಗಂಡಸರಿಬ್ಬರೂ ನಡುಮನೆಯಲ್ಲಿ ಪೇಪರು ಹಂಚಿಕೊಂಡು ಓದುತ್ತಿದ್ದರು. ಹೆಂಗಸರ ವಿಷಯದಲ್ಲಿ ತಾವು ತಲೆ ಹಾಕುವುದಿಲ್ಲ ಎಂಬುದು ಅಪ್ಪ ಮಗ ಇಬ್ಬರಿಗೂ ಹೆಮ್ಮೆಯ ಸಂಗತಿಯಾಗಿತ್ತು.

ಒಂದು ಬೆಳಿಗ್ಗೆ ಶಿಲ್ಪ ಕೂಸಿಗೆ ಎಳೆಬಿಸಿಲು ಕಾಯಿಸಲು ಮಹಡಿಗೆ ಹೋಗಿ ನೀರಿನ ಟ್ಯಾಂಕಿನ ಪಕ್ಕ ಕೂತಿದ್ದಳು. ಸ್ವಲ್ಪ ಹೊತ್ತಿಗೆ ಬಟ್ಟೆ ಒಣಹಾಕಲು ಇಬ್ಬರು ಅಜ್ಜಿಯರೂ ಬಂದರು. ಟ್ಯಾಂಕಿನ ಹಿಂದಿದ್ದವಳನ್ನು ಅವರು ನೋಡಲಿಲ್ಲ. ಬೊಮ್ಮಕ್ಕ ಬಕೆಟ್ಟಿಟ್ಟು, ಗೋಡೆಗೊರಗಿ, ಮಂಡಿ ಹಿಡಿದು ಕೂತುಬಿಟ್ಟಳು.

"ಯಾಕೆ ಬೀಗ್ತಿ?"

ಬೊಮ್ಮಕ್ಕ ಮೆಟ್ಟಿಲ ಕಡೆ ಒಮ್ಮೆ ನೋಡಿದಳು. ಆಮೇಲೆ, "ನಿಮ್ಮ ಹತ್ರ ಹೇಳ್ತೀನಿ, ಮಗಳಿಗೆ ಹೇಳಬ್ಯಾಡ್ರಿ. ಮಂಡಿ ಸತ್ತೋಗೈತೆ. ಕುಂತ್ರೆ ಏಳಾಕೆ ಬರಲ್ಲ. ಕೂಸನ್ನ ಕಾಲ ಮ್ಯಾಲೆ ಹಾಕ್ಕಂಡಾಗ ಜೀವ ಬಾಯಿಗೆ ಬರ್ತೈತೆ. ಎಲ್ಲಿ ಜಾರಿಸಿಬಿಡ್ತೀನೋ ಅಂತ" ಎಂದಳು.

ಸೂರಮ್ಮ ಹಿಂಡಿದ ಬಟ್ಟೆಯನ್ನು ಮತ್ತೆ ಹಿಂಡುತ್ತಾ ನಿಂತಳು. "ನನಗೆ ಮಂಡಿ ಚೆನ್ನಾಗೈತೆ. ಸುಳ್ಳು ಯಾಕೆ ಹೇಳ್ಲಿ? ಸಾಕಾಗೈತೆ, ಅಷ್ಟೇ. ಮದುವೆ ಆಗಿ ಬಂದಾಗ ಮೈದುನರು ಚಡ್ಡಿ ಹಾಕ್ಕಳೋಕೆ ಬರದ ಹುಡುಗ್ರು. ಅವರನ್ನ ದೊಡ್ಡೋರು ಮಾಡಿದ್ದಾಯ್ತು, ನನ್ನವನ್ನ ಮಾಡಿದ್ದಾಯ್ತು. ಈಗ ಸಂಜೆ ಹೊತ್ತು ಭಜನೆಗೆ ಹೋಗ್ತೀನಿ. ಅಲ್ಲಿ ಯಾರೂ ನನ್ನ ಹತ್ರ ಬಂದು ಉಚ್ಚೆ ಅನ್ನಲ್ಲ, ಕಕ್ಕ ಅನ್ನಲ್ಲ."

ಬೊಮ್ಮಕ್ಕ ನಕ್ಕಳು. ಸೂರಮ್ಮನಿಗೂ ನಗು ಬಂತು. ಇಬ್ಬರೂ ಸೆರಗು ಬಾಯಿಗಿಟ್ಟುಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

ಟ್ಯಾಂಕಿನ ಹಿಂದೆ ಶಿಲ್ಪಳಿಗೆ ಮೊದಲು ಸಿಟ್ಟು ಬಂತು. ಇಷ್ಟು ದಿನ ತನ್ನನ್ನೂ ಕೂಸನ್ನೂ ಮೂಟೆಯಂತೆ ಅಲ್ಲಿಂದಿಲ್ಲಿಗೆ ಎಸೆದಾಡಿದರಲ್ಲ ಎಂದುಕೊಂಡಳು. ಆಮೇಲೆ ಅವ್ವ ಗೋಡೆ ಹಿಡಿದು ಏಳುತ್ತಿದ್ದುದು ನೆನಪಾಯಿತು. ಸೀರೆ ತೊಡರಿತು ಎಂದಾಗ ಶಿಲ್ಪ ಅದನ್ನು ನಂಬಿ ಸುಮ್ಮನಾಗಿದ್ದಳು. ನಂಬಿದರೆ ಅನುಕೂಲವಿತ್ತು, ಅದಕ್ಕೇ ನಂಬಿದ್ದೆ ಎಂದು ತನ್ನ ಮೇಲೇ ನಾಚಿಕೆಯಾಯಿತು. ಕೆಳಗಿನಿಂದ ಗಂಡ ಕೂಗಿದ: "ಅವ್ವ, ಟೀ ಆಯ್ತಾ?" ಆ ಕೂಗು ಕೇಳಿದ ಮೇಲೆ ಸಿಟ್ಟು ಎಲ್ಲಿಗೆ ಹೋಗಬೇಕೆಂದು ಅವಳಿಗೆ ಗೊತ್ತಾಯಿತು.

ಮಧ್ಯಾಹ್ನ ಎಲ್ಲರೂ ಊಟಕ್ಕೆ ಕೂತಾಗ ಅವಳು ಹೇಳಿದಳು: "ಅವ್ವ, ಅತ್ತೆ, ನೀವಿಬ್ರೂ ಸಿದ್ದಾಪುರಕ್ಕೆ ಹೋಗಿ ಇದ್ದು ಬರ್ರಿ. ನಾನೂ ಮಕ್ಳೂ ಇಲ್ಲೇ ಇರ್ತೀವಿ."

"ನೋಡ್ಕಳೋರು ಯಾರು?" ಎಂದ ಮಾರುತೇಶ, ನಿಜವಾಗಿಯೂ ತಿಳಿಯದೆ.

"ನೀವು. ಮತ್ತೆ ಮಾವ."

ನಾಗೇಂದ್ರಪ್ಪನ ಕೈಯಲ್ಲಿದ್ದ ಮುದ್ದೆಯ ತುತ್ತು ಸಾರಿನಲ್ಲೇ ನಿಂತಿತು. ಮಾರುತೇಶ, "ಶೇಂಗಾ ಸೀಜನ್ನು..." ಎಂದು ಶುರುಮಾಡಿದ.

"ಹೊಸ ವರ್ಷಕ್ಕೆ ಫ್ರೆಂಡ್ಸ್ ಜತೆ ಗೋವಾಕ್ಕೆ ಹೋಗಾಕೆ ರಜೆ ಹಾಕೀರಲ್ಲ, ಆಗ ಸೀಜನ್ ಇರಲ್ವಾ?"

ಗೋವಾದ ವಿಷಯ, ಅವನ ಫೋನಿನಲ್ಲಿ ನೋಡಿದ್ದ ಶಿಲ್ಪಳನ್ನು ಬಿಟ್ಟರೆ, ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಸೂರಮ್ಮ ಮಗನನ್ನು ನೋಡಿದಳು, ಬೊಮ್ಮಕ್ಕ ಅಳಿಯನನ್ನು ನೋಡಿದಳು. ಆ ಎರಡು ನೋಟಗಳ ನಡುವೆ ಗೋವಾ ಮುಳುಗಿಹೋಯಿತು.

ಮರುದಿನ ಇಬ್ಬರು ಬೀಗ್ತಿಯರೂ ಬಸ್ಸು ಹತ್ತಿದರು. ಧನುರ್ಮಾಸ ಬಾಣಂತಿಗೆ ಮಾತ್ರ, ಅಜ್ಜಿಯರಿಗಲ್ಲ ಎಂದು ಸೂರಮ್ಮ ಶಾಸ್ತ್ರ ಹೇಳಿದಳು.

ಮೊದಲ ದಿನ ಮಾರುತೇಶ ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು, ಚೊಂಬು ಎತ್ತಿದವನು ಇಳಿಸಲೇ ಇಲ್ಲ. ಶಿಲ್ಪ ಪಕ್ಕದಲ್ಲಿ ಕೂತು, "ಸುರೀರಿ, ಲಾರಿ ತೊಳೆಯೋ ಹಂಗಲ್ಲ, ನಿಧಾನ" ಎಂದು ಹೇಳಿಕೊಟ್ಟಳು. ಸ್ನಾನ ಮುಗಿಯುವ ಹೊತ್ತಿಗೆ ಕೂಸಿಗಿಂತ ಹೆಚ್ಚು ಒದ್ದೆಯಾದವನು ಅವನೇ. ನಾಗೇಂದ್ರಪ್ಪನ ಪಾಲಿಗೆ ತಿಪ್ಪೇರುದ್ರ ಬಂದ. ಬೆಳಗ್ಗೆಯೆಲ್ಲ ಅವನ ಹಿಂದೆ ಓಡಿ ಏದುಸಿರು ಬಂದ ಮೇಲೆ ಮುದುಕ ಅಟ್ಟದಿಂದ ಹಳೆಯ ಸೀಟಿ ಹುಡುಕಿ ತೆಗೆದ. ನಡುಮನೆಯ ಕುರ್ಚಿಗಳು ಬಸ್ಸಾದವು. ಸೀಟಿ ಊದಿ "ರೈಟ್" ಎಂದರೆ ಹುಡುಗ ಕೂರುತ್ತಿದ್ದ. "ಹೋಲ್ಡಾನ್" ಎಂದರೆ ಇಳಿದು ಉಚ್ಚೆಗೆ ಹೋಗುತ್ತಿದ್ದ. ಅನ್ನವನ್ನು ಟಿಕೆಟ್ಟಿನ ಬದಲು ತುತ್ತು ತುತ್ತಾಗಿ ಕೊಡಲಾಯಿತು. ಮೂವತ್ತು ವರ್ಷ ಜನರನ್ನು ಸಂಭಾಳಿಸಿದವನು ಒಬ್ಬ ಪ್ರಯಾಣಿಕನ ಕೈಯಲ್ಲಿ ಸುಸ್ತಾಗಿ, ಮಧ್ಯಾಹ್ನ ಅವನಿಗಿಂತ ಮೊದಲೇ ನಿದ್ದೆಹೋದ.

ಬೀದಿಯಲ್ಲಿ ಸುದ್ದಿ ಹಬ್ಬಿತು. ಮಾರುತೇಶ ಮಹಡಿಯ ಮೇಲೆ ಕೂಸಿನ ಬಟ್ಟೆ ಒಣಹಾಕುವುದನ್ನು ನೋಡಲು ಎದುರುಮನೆಯವರು ಹೊರಗೆ ಬಂದರು. "ಏನ್ ಪುಣ್ಯ ಮಾಡಿದ್ದೆ ಶಿಲ್ಪಾ, ದೇವರಂಥ ಗಂಡ" ಎಂದರು. ಒಂದು ಬಕೆಟ್ಟು ಬಟ್ಟೆಗೆ ಅವನಿಗೆ ಸಿಕ್ಕಿದ ಹೊಗಳಿಕೆ ಇಬ್ಬರು ಅಜ್ಜಿಯರಿಗೆ ಜನ್ಮವೆಲ್ಲ ಒಗೆದರೂ ಸಿಕ್ಕಿರಲಿಲ್ಲ. ಮಾರುತೇಶನೂ ದಿನ ಕಳೆದಂತೆ ಒಂದೊಂದೇ ಲಂಗೋಟಿಯನ್ನು ಎಲ್ಲರಿಗೂ ಕಾಣುವಂತೆ ಕೊಡವಿ, ನಿಧಾನವಾಗಿ ಹರವತೊಡಗಿದ. ಶಿಲ್ಪ ತುಟಿ ಕಚ್ಚಿಕೊಂಡು ನಗು ತಡೆದಳು. ಹೇಗಾದರೂ ಒಣಗಲಿ, ತನಗೆ ನಿದ್ದೆ ಸಿಗುತ್ತಿತ್ತು.

ಸಂಕ್ರಾಂತಿಯ ಮಾರನೆಯ ದಿನ ಸೂರಮ್ಮ ಒಬ್ಬಳೇ ಹಿಂತಿರುಗಿದಳು. ಮುಖ ಬಿಸಿಲಿಗೆ ಕಂದಿತ್ತು, ಮೈ ತುಂಬಿತ್ತು. ಬಂದವಳು ನೇರ ಅಡುಗೆಮನೆಗೆ ಹೋಗಿ ಡಬ್ಬಿಗಳನ್ನು ನೋಡಿದಳು. ಖಾರದಪುಡಿಯ ಜಾಗದಲ್ಲಿ ಸಕ್ಕರೆ, ಸಕ್ಕರೆಯ ಜಾಗದಲ್ಲಿ ಕೂಸಿನ ಪೌಡರು ಇತ್ತು. ಮೊಮ್ಮಗನನ್ನು ಕರೆದರೆ ಅವನು, "ಬಸ್ಸು ಫುಲ್ಲು" ಎಂದು ಹೇಳಿ ಅಜ್ಜನ ಬೆನ್ನ ಹಿಂದೆ ನಿಂತ. ಸೂರಮ್ಮನಿಗೆ ಅದು ಸರಿಬರಲಿಲ್ಲ.

"ನಾನಿಲ್ದೆ ಮನೆ ಹೆಂಗಾಗೈತೆ ನೋಡು" ಎಂದಳು. ಆದರೆ ಸೆರಗು ಸೊಂಟಕ್ಕೆ ಸಿಕ್ಕಿಸಲಿಲ್ಲ. ನಾಗೇಂದ್ರಪ್ಪ ಟೀ ತಂದುಕೊಟ್ಟ. ಅವಳು ಗುಟುಕರಿಸಿ, "ಪಾಯಸ ಆಗೈತೆ" ಎಂದು ಹೇಳಿ ಪೂರ್ತಿ ಕುಡಿದಳು.

ಒಳಗೆ ಕೂಸು ಅಳತೊಡಗಿತು. ಸೂರಮ್ಮ ಏಳಲು ಹೋದವಳು, ಮಗ ಆಗಲೇ ಎದ್ದು ಒಳಗೆ ಹೊರಟಿದ್ದನ್ನು ನೋಡಿ ಅಲ್ಲೇ ಕೂತಳು. ಕಾಲೆರಡನ್ನೂ ಎದುರಿನ ಕುರ್ಚಿಯ ಮೇಲೆ ಚಾಚಿ, ಕೂತಲ್ಲಿಂದಲೇ ಕೂಗಿದಳು:

"ಕುತ್ತಿಗೆ ಹಿಡ್ಕಳೋ, ಕುತ್ತಿಗೆ!"