ನಾಲ್ಕನೇ ಹೊಂಡ

ತಂತಮ್ಮ ಸಂಶೋಧನೆಯ ಪೋಸ್ಟರ್ ಪಕ್ಕ ನಿಂತು ಬಂದವರಿಗೆ ವಿವರಿಸುವ ಪೋಸ್ಟರ್ ಗೋಷ್ಠಿ ಮಧ್ಯಾಹ್ನ ಎರಡೂವರೆಗೆ ಶುರುವಾಯಿತು. ಮೂರಾದರೂ ಅವಳ ಪೋಸ್ಟರಿನ ಮುಂದೆ ಯಾರೂ ನಿಂತಿರಲಿಲ್ಲ. ಒಬ್ಬರು ನಿಂತಂತೆ ಮಾಡಿ, ಶೌಚಾಲಯ ಯಾವ ಕಡೆ ಎಂದು ಕೇಳಿ ಹೋದರು.

ಸಮ್ಮೇಳನಕ್ಕೆ ಅವಳು ಬಂದದ್ದು ಒಂದೇ ಕೆಲಸಕ್ಕೆ. ಪಿಎಚ್.ಡಿ. ಅರ್ಜಿಗೆ ತಿಂಗಳ ಕೊನೆಯವರೆಗೆ ಸಮಯವಿತ್ತು. ಆದರೆ ಮಾರ್ಗದರ್ಶಕರಾಗಲು ಯಾರಾದರೂ ಪ್ರಾಧ್ಯಾಪಕರು ಮೊದಲೇ ಒಪ್ಪಿರದಿದ್ದರೆ ಆ ಅರ್ಜಿಯನ್ನು ಯಾರೂ ಮೂಸಿಯೂ ನೋಡುವುದಿಲ್ಲ. ಬೆಳಿಗ್ಗೆ ಚಹಾದ ಹೊತ್ತಿನಲ್ಲಿ ಒಬ್ಬರನ್ನು ಹಿಡಿದಿದ್ದಳು. ಅವರು ಬಿಸ್ಕತ್ತು ಅದ್ದುತ್ತಲೇ, "ಒಂದು ಮೇಲ್ ಹಾಕಮ್ಮ, ನೋಡೋಣ" ಎಂದರು. ಅವಳ ಹಿಂದಿದ್ದವನಿಗೂ ಅದನ್ನೇ ಹೇಳಿದರು, ಅವನ ಹಿಂದಿದ್ದವನಿಗೂ. ಇನ್ನು ಉಳಿದದ್ದು ಮೇಡಂ ಒಬ್ಬರೇ.

ನೀರಿನ ತಳದ ಕೆಸರಲ್ಲಿ ಬದುಕುವ ಕೆಂಪು ಹುಳುಗಳ ವಿಷಯದಲ್ಲಿ ಮೇಡಂ ಹೇಳಿದ್ದೇ ಕೊನೆಯ ಮಾತು. ಹೊಂಡ ಆಳವಾದಷ್ಟೂ ಹುಳು ಕಡಿಮೆ ಎಂದು ತೋರಿಸಿಕೊಟ್ಟವರು ಅವರು. ಇವಳು ಊರಾಚೆಯ ಹಳೆಯ ಕಲ್ಲುಗಣಿಗಳಲ್ಲಿ ನೀರು ತುಂಬಿ ಆದ ಹೊಂಡಗಳಿಂದ ಕೆಸರು ಎತ್ತಿ, ಜರಡಿ ಹಿಡಿದು, ಹುಳು ಎಣಿಸಿದ್ದಳು. ಮೂರು ಹೊಂಡಗಳು ಮೇಡಂ ಹೇಳಿದಂತೆಯೇ ನಡೆದುಕೊಂಡವು. ಎಲ್ಲಕ್ಕಿಂತ ಆಳವಾದ ನಾಲ್ಕನೆಯದು ಮಾತ್ರ ಮಾತು ಕೇಳಲಿಲ್ಲ. ಅಲ್ಲಿ ಹುಳುಗಳು ಗಿಜಿಗುಡುತ್ತಿದ್ದವು.

"ಅವರ ಹತ್ರ ಸೀಟು ಕೇಳೋಕೆ ಹೋಗಿ ಅವರದೇ ತಪ್ಪು ಎತ್ತಿ ತೋರಿಸ್ತೀಯಾ? ಮೊದಲು ಒಳಗೆ ಸೇರ್ಕೋ" ಎಂದಿದ್ದರು ಕಾಲೇಜಿನ ಮೇಷ್ಟ್ರು. ಪೋಸ್ಟರಿನಲ್ಲಿ ಮೂರೇ ಹೊಂಡಗಳಿದ್ದವು.

ಫೋನು ಗುಂಯ್‌ಗುಟ್ಟಿತು. ಅಕ್ಕ.

"ಏನೇ ಕೆಸರಮ್ಮ, ನಿನ್ನ ಮೇಡಂ ಸಿಕ್ಕಿದ್ರಾ?"

"ಇನ್ನೂ ಇಲ್ಲ ಕಣೇ."

"ಸಿಗ್ತಾರೆ ಬಿಡು. ಅಲ್ಲಾ, ಫ್ರಿಜ್ಜಲ್ಲಿ ಇನ್ನೂ ಒಂದು ಡಬ್ಬಿ ಇದೆಯಲ್ಲ, ನಾಲ್ಕು ಅಂತ ಬರೆದಿರೋದು? ನಿಮ್ಮ ಭಾವ ತಿನ್ನೋದೇನೋ ಅಂತ ಚಮಚ ಹಾಕೋದ್ರಲ್ಲಿದ್ರು. ಬಿಸಾಕ್ಲಾ?"

ಅವಳು ಪೋಸ್ಟರಿನ ಕಡೆ ನೋಡಿದಳು.

"ಬಿಸಾಕು. ಅದು ಬೇಡ."

ಪಕ್ಕದ ಪೋಸ್ಟರಿನ ಬಳಿ ದಪ್ಪ ಕನ್ನಡಕದ ಯುವತಿಯೊಬ್ಬಳು ನಿಂತಿದ್ದಳು. ಮೇಡಂ ಕೈಕೆಳಗೇ ಸಂಶೋಧನೆ ಮಾಡುವವಳು. "ಬರ್ತಿದಾರೆ" ಎಂದಳು ಮೆಲ್ಲಗೆ. "ಕೆಳಗಿಂದ ಓದ್ತಾರೆ, ಗಾಬರಿ ಆಗ್ಬೇಡಿ."

"ಕೆಳಗಿಂದಾನಾ?"

"ಮೊದಲು ಆಧಾರಗ್ರಂಥಗಳ ಪಟ್ಟಿ. ತಮ್ಮ ಹೆಸರು ಸಿಕ್ರೆ ಮೇಲಕ್ಕೆ ಬರ್ತಾರೆ. ದೊಡ್ಡವರೆಲ್ಲ ಹಾಗೇ ರೀ."

ಮೇಡಂ ನಿಜಕ್ಕೂ ಮಂಡಿಗೆ ಕೈಯೂರಿ, ಪೋಸ್ಟರಿನ ಕೆಳಮೂಲೆಗೆ ಬಾಗಿದರು. ಅಲ್ಲಿ ಇದ್ದದ್ದು ಬಹುಪಾಲು ಅವರದೇ ಹೆಸರು.

"ಏನಮ್ಮ, ಇದು ಪಟ್ಟಿನೋ, ನನಗೆ ಸನ್ಮಾನಪತ್ರಾನೋ?"

ಕನ್ನಡಿಯ ಮುಂದೆ ನಿಂತು ಉರು ಹೊಡೆದಿದ್ದ ಮಾತೆಲ್ಲ ಅವಳ ತಲೆಯಿಂದ ಹಾರಿಹೋಯಿತು. ಮೇಡಂ ಸೊಂಟ ನೆಟ್ಟಗೆ ಮಾಡಿಕೊಂಡು ಹುಳುಗಳ ಎಣಿಕೆಯ ರೇಖಾನಕ್ಷೆಯನ್ನು ದಿಟ್ಟಿಸಿದರು.

"ಚುಕ್ಕಿಗಳೆಲ್ಲ ಗೆರೆ ಮೇಲೇ ಕೂತಿವೆ. ನಂಗೇ ಇಷ್ಟು ಚೆನ್ನಾಗಿ ಕೂತಿರಲಿಲ್ಲ. ಎಷ್ಟು ಹೊಂಡ ನೋಡಿದೆ?"

ಮೂರು ಎಂದರೆ ಅಲ್ಲಿಗೆ ಮುಗಿಯುತ್ತಿತ್ತು. ಪೋಸ್ಟರಿನಲ್ಲಿ ದಪ್ಪ ಅಕ್ಷರದಲ್ಲಿ ಅದೇ ಇತ್ತು.

"ನಾಲ್ಕು, ಮೇಡಂ."

"ಇನ್ನೊಂದು ಎಲ್ಲಿ?"

"ಅದರಲ್ಲಿ ನೀವು ಹೇಳಿದ ಹಾಗೆ ಬರಲಿಲ್ಲ. ಆಳ ಜಾಸ್ತಿ, ಹುಳಾನೂ ಜಾಸ್ತಿ."

ಕನ್ನಡಕದವಳು ತನ್ನದೇ ಪೋಸ್ಟರನ್ನು ಹೊಸದಾಗಿ ಕಂಡವಳಂತೆ ಓದತೊಡಗಿದಳು.

"ಯಾಕೆ ಹಾಕಿಲ್ಲ?"

"ನಿಮಗೆ ಬೇಜಾರಾಗುತ್ತೆ ಅಂತ..."

"ಆಗುತ್ತೆ" ಎಂದರು ಮೇಡಂ. "ಅರ್ಧ ಆಯಸ್ಸು ಅದರಲ್ಲೇ ಕಳೆದಿದೀನಿ, ಆಗದೆ ಇರುತ್ತಾ? ಆದ್ರೆ ಎಣಿಸಿದ್ದು ನೀನು. ತಪ್ಪು ನಿಂದೂ ಇರಬಹುದು. ಆ ಕೆಸರು ಇದೆಯಾ?"

"ಮನೇಲಿದೆ."

"ತಗೊಂಡು ಬಾ. ನಾನೇ ಎಣಿಸ್ತೀನಿ. ಅರ್ಜಿ ಮಾತು ಆಮೇಲೆ."

ಅವರು ಮುಂದಿನ ಪೋಸ್ಟರಿನತ್ತ ಹೊರಟದ್ದೇ ತಡ, ಅವಳು ಹೊರಗಿನ ಮೆಟ್ಟಿಲಿಗೆ ಓಡಿದಳು.

"ಅಕ್ಕ, ಆ ಡಬ್ಬಿ..."

"ಆಗಲೇ ತೊಳೆದು ಬೋರಲು ಹಾಕಿದೀನಿ. ಏನು ವಾಸನೆ ಅಂತೀಯಾ! ಯಾಕೇ?" ಆ ಕಡೆ ನಲ್ಲಿ ನಿಂತಿತು. "ನೀನೇ ತಾನೇ ಹೇಳಿದ್ದು? ಅಳ್ತಿದೀಯೇನೇ?"

"ಇಲ್ಲ."

ಮುಖ ತೊಳೆದುಕೊಂಡು ಒಳಗೆ ಹೋದಳು. ಮೇಡಂ ಸಭಾಂಗಣದ ಇನ್ನೊಂದು ತುದಿಯಲ್ಲಿ ಮತ್ತೊಂದು ಪಟ್ಟಿಗೆ ಬಾಗಿದ್ದರು. ಅವರು ಏಳುವವರೆಗೆ ಕಾದು, ಡಬ್ಬಿಯ ಕಥೆಯನ್ನು ಇದ್ದದ್ದು ಇದ್ದ ಹಾಗೆ ಹೇಳಿದಳು. ಬಿಸಾಕು ಎಂದದ್ದು ಯಾರು ಎಂಬುದನ್ನೂ ಬಿಡಲಿಲ್ಲ.

ಮೇಡಂ ಕೇಳಿದ್ದು ಒಂದೇ.

"ಹೊಂಡಾನೂ ಬಿಸಾಕಿಲ್ಲ ತಾನೇ?"

ಭಾನುವಾರ ಬೆಳಿಗ್ಗೆ ನಾಲ್ಕನೇ ಹೊಂಡದ ನಡುವೆ ಒಂದು ಎರವಲು ದೋಣಿ ನಿಂತಿತ್ತು. ಭಾವ ಹುಟ್ಟು ಹಿಡಿದಿದ್ದ. ಈಜು ಬಾರದ ಅಕ್ಕ ತೊಳೆದ ಡಬ್ಬಿಯನ್ನು ಮಡಿಲಲ್ಲಿ ಅವುಚಿಕೊಂಡು, ಕಣ್ಣು ಮುಚ್ಚಿ ಕೂತಿದ್ದಳು. ತಂಗಿ ಕೆಸರೆತ್ತುವ ಕಬ್ಬಿಣದ ಬುಟ್ಟಿಯನ್ನು ಹಗ್ಗ ಕಟ್ಟಿ ನೀರಿಗೆ ಬಿಟ್ಟಳು.

"ತಳ ಮುಟ್ಟಿತೇನೇ?" ಎಂದಳು ಅಕ್ಕ.

ಹಗ್ಗ ಇನ್ನೂ ಇಳಿಯುತ್ತಿತ್ತು.