ಹೋಟೆಲ್ ಸೂಪರ್‌ವೈಸರ್ ಶಂಶುದ್ದೀನ್

"ಅಲ್ಲೇ ನಿಂದರ್ರಿ, ಅಲ್ಲೇ! ಒಳಗ ಬರಬ್ಯಾಡ್ರಿ," ಎಂದು ಕಲೀಮುಲ್ಲಾ ಶಾಮಿಯಾನದ ಕೆಳಗಿನಿಂದಲೇ ಕೈ ಅಡ್ಡ ಹಿಡಿದ. ಒಂದು ಚಪ್ಪಲಿ ಬಿಟ್ಟು ಇನ್ನೊಂದನ್ನು ಬಿಡುತ್ತಿದ್ದ ಅಂಬರೀಶ ಹಾಗೇ ನಿಂತ. ಕುರ್ಚಿಗಳಲ್ಲಿ ಕೂತಿದ್ದ ಹಿರಿಯರ ಕಡೆ ತಿರುಗಿ ಕಲೀಮುಲ್ಲಾ ಎಲ್ಲರಿಗೂ ಕೇಳುವಂತೆ ಹೇಳಿದ: "ಏನಿಲ್ರಿ, ರಾಯಚೂರ ಹೋಟೆಲಿನ ಮಂದಿ. ನಮ್ಮ ಅಣ್ಣನ ಕೈಕೆಳಗ ಎಂಜಲ ತಾಟು ತೊಳಿಯೋರು."

ಹಿರಿಯರು ಬಂದ ಮೂವರನ್ನೂ ಮೇಲಿಂದ ಕೆಳಗಿನ ತನಕ ನೋಡಿ ಮತ್ತೆ ತಸ್ಬಿಯ ಮಣಿ ಎಣಿಸತೊಡಗಿದರು.

ಮುಂದೆ ನುಗ್ಗಹೋದ ಅಂಬರೀಶನ ರಟ್ಟೆಯನ್ನು ಕೀಬೋರ್ಡ್ ನುಡಿಸುವ ಉಮೇಶ ಗಟ್ಟಿಯಾಗಿ ಹಿಡಿದ.

"ಸುಮ್ಕಿರಲೇ. ಸತ್ತ ಮನಿ ಅದ."

"ಸತ್ತ ಮನಿ ಅಂದ್ರ ಬಾಯಿಗೆ ಬಂದದ್ದು ಅನ್ನಬೌದೇನು?"

"ನನಗೂ ಅಂದಾನಲ್ಲೋ," ಎಂದರು ಗಿಟಾರಿನ ಶಂಭುಲಿಂಗಪ್ಪ. "ಮಾಸ್ತರಕಿ ಮಾಡಿ ಪಿಂಚಣಿ ತಗೊಂಡ ಮ್ಯಾಲ ಬಡ್ತಿ ಸಿಕ್ತು ನೋಡಪಾ."

ಮೂವರೂ ಎದುರುಮನೆಯ ಬೇವಿನ ನೆರಳಿಗೆ ಸರಿದರು.

ಒಳಗೆ ಹೆಣವಾಗಿ ಮಲಗಿದ್ದವರು ಕಲೀಮುಲ್ಲಾನ ಅಣ್ಣ ಶಂಶುದ್ದೀನ್ ಚಾಚಾ. ವಾರದ ರಜೆಯೆಂದು ನಿನ್ನೆ ಮುಂಜಾನೆ ರಾಯಚೂರಿನಲ್ಲಿ ಬಸ್ಸು ಹತ್ತಿ ಕಿಟಕಿ ಪಕ್ಕ ಕೂತಿದ್ದರು. ಮಾನ್ವಿ ಬಂತು, ಹೋಯಿತು. ಮುದುಕನಿಗೆ ನಿದ್ದೆ ಹತ್ತಿದೆಯೆಂದು ಯಾರೂ ಎಬ್ಬಿಸಲಿಲ್ಲ. ಸಿಂಧನೂರಿನಲ್ಲಿ ಬಸ್ಸು ಖಾಲಿಯಾದ ಮೇಲೆ ಕಂಡಕ್ಟರ್ ಹೆಗಲು ಅಲ್ಲಾಡಿಸಿ ನೋಡಿದ. ಸ್ವಂತ ಊರು ದಾಟಿ ಹೋಗುವಾಗಲೂ ಆ ಮನುಷ್ಯನನ್ನು ಗುರುತಿಸಿದವರಿಲ್ಲ.

*

ರಾಯಚೂರಿನ ಆ ಹೋಟೆಲಿನ ಮಹಡಿಯ ಮೇಲೆ ಕಾಕ್‌ಟೇಲ್ ಲೌಂಜ್ ತೆರೆದಾಗ ಮಾಲೀಕನಿಗೆ ಜಾಜ್ ಬೇಕಾಗಿತ್ತು. ಗೋವಾದಲ್ಲೆಲ್ಲೋ ಕೇಳಿ ಬಂದಿದ್ದನಂತೆ. ಹುಡುಕಿದಾಗ ಸಿಕ್ಕವರು ಚಾಚಾ. ದೇವದುರ್ಗದ ಮದುವೆ ಬ್ಯಾಂಡಿನಲ್ಲಿ ಕ್ಲಾರಿನೆಟ್ ಊದಿ ಊದಿ ಕೂದಲು ಬೆಳ್ಳಗಾಗಿತ್ತು. ಹೈದರಾಬಾದಿನಿಂದ ಹಳೆಯದೊಂದು ಸ್ಯಾಕ್ಸೊಫೋನ್ ತಂದು, ಮೊಬೈಲಿನಲ್ಲಿ ಕೇಳಿಕೊಂಡೇ ಕಲಿತರು. ಉಮೇಶನನ್ನೂ ಶಂಭುಲಿಂಗಪ್ಪ ಮಾಸ್ತರರನ್ನೂ ಅವರೇ ಎಳೆದು ತಂದರು. ಡ್ರಮ್ಸಿಗೆ ಅಂಬರೀಶ.

ಅಂಬರೀಶ ಅರಕೇರಾದವ. ಅವನ ಅಪ್ಪ ಮೌನಪ್ಪ ಊರವರ ಸಾವಿಗೆ ಹಲಗೆ ಬಾರಿಸುತ್ತಿದ್ದ, ಅದೂ ದೂರ ನಿಂತು. ಅಪ್ಪ ಜ್ವರದಲ್ಲಿ ಬಿದ್ದಾಗ ಊರಿನವರು ಗೌಡರ ಮನೆಯ ಸಾವಿಗೆ ಬಾರಿಸಲು ಶಾಲೆಗೇ ಬಂದು ಮಗನನ್ನು ಕರೆದರು. ಮೇಷ್ಟ್ರು ಹೋಗೆಂದು ಕಳಿಸಿದರು. ಹೋದವನು ಕೊಟ್ಟ ಕೋಲನ್ನು ಗೌಡರ ಅಂಗಳದಲ್ಲೇ ಮುರಿದೊಗೆದ. ಅಂದಿಗೆ ಶಾಲೆಯೂ ಮುಗಿಯಿತು, ಊರೂ ಮುಗಿಯಿತು. ಕೆಲಸಕ್ಕೆಂದು ದೇವದುರ್ಗದ ಬ್ಯಾಂಡು ಸೇರಿದಾಗ ಅವನ ಕೈಯಲ್ಲಿನ ತಾಳ ಗುರುತಿಸಿದವರು ಚಾಚಾ.

"ಗಿರಾಕಿ ಮಾತು ಗಿರಾಕಿಗೆ ಕೇಳಿಸಬೇಕು, ಅಷ್ಟ ಬಾರಸ್ರಿ," ಎಂದು ಲೌಂಜಿನ ಮ್ಯಾನೇಜರ್ ಮೊದಲ ದಿನವೇ ತಾಕೀತು ಮಾಡಿದ. ಚಾಚಾ ಸ್ಯಾಕ್ಸೊಫೋನಿನ ಅಗಲ ಬಾಯಿಗೆ ಟವಲು ತುರುಕಿ ಊದಿದರು. ಗುತ್ತಿಗೆದಾರರು, ಅಕ್ಕಿ ಗಿರಣಿಯವರು ಬಣ್ಣದ ಗ್ಲಾಸು ಹಿಡಿದು ಟೆಂಡರಿನ ಮಾತಾಡುತ್ತಿದ್ದರು. ಒಬ್ಬನೂ ಈ ಕಡೆ ಮುಖ ತಿರುಗಿಸಲಿಲ್ಲ.

ಚಾಚಾ ನಡುವೆ ಊದುವುದು ನಿಲ್ಲಿಸಿ ಅಂಬರೀಶನತ್ತ ಬಾಗಿದರು. "ಈ ಬಾಜಾದಾಗ ಸರದಿ ಅದ ಬೇಟಾ. ಒಬ್ಬಾತ ಮಾತಾಡುವಾಗ ಉಳಿದವರು ಬಾಯಿ ಮುಚ್ಚಬೇಕು. ಈಗ ನಿಂದು. ಎಷ್ಟು ಸಿಟ್ಟು ಅದನೋ ಅಷ್ಟೂ ಬಾರಸು."

ಅಂಬರೀಶ ಬಾರಿಸಿದ. ಮೊದಲು ಅಂಜಿ, ಆಮೇಲೆ ಅರಕೇರಾದ ಅಂಗಳವನ್ನೇ ತುಳಿದಂತೆ. ಚಾಚಾ ಕಣ್ಣು ಮುಚ್ಚಿ, ತಲೆ ತಗ್ಗಿಸಿ ನಿಂತಿದ್ದರು. ಹಿರಿಯನೊಬ್ಬ ಅವನಿಗಾಗಿ ಸುಮ್ಮನಾದದ್ದು ಅದೇ ಮೊದಲು.

ಮ್ಯಾನೇಜರ್ ಓಡಿ ಬಂದ. "ಏ, ಸಪ್ಪಳ! ನಿಲ್ಲಸ್ರಲೇ!"

ಚಾಚಾ ಕಣ್ಣು ತೆರೆಯದೇ ಅಂದರು, "ತಡೀರಿ ಸಾಬ್. ಅವಂದು ಇನ್ನಾ ಮುಗದಿಲ್ಲ."

*

"ಅಮ್ಮಿ ಕರ್ಯಾಕತ್ತಾರ್ರಿ. ಹಿತ್ತಲ ಬಾಗಿಲಿಗೆ ಬರಬೇಕಂತ." ಅತ್ತು ಅತ್ತು ಮುಖ ಊದಿಸಿಕೊಂಡಿದ್ದ ಗುಲ್ಫಶಾ, ಚಾಚಾರ ಒಬ್ಬಳೇ ಮಗಳು, ಅಷ್ಟು ಹೇಳಿ ಹೋದಳು.

ಹಿತ್ತಲ ಬಾಗಿಲಿಗೆ ಪರದೆ ಇಳಿಬಿಟ್ಟಿತ್ತು. ಆಚೆ ಕಡೆ ಚಾಚಾರ ಹೆಂಡತಿ ಕುಬ್ರಾ ಬೇಗಂ ಕೂತಿದ್ದರು. ಅಂಬರೀಶ ಅವರನ್ನು ಎಂದೂ ಕಂಡವನಲ್ಲ.

"ಅಂಬರೀಶ ಅಂದ್ರ ನೀನೇನಪಾ?"

"ಹೌದ್ರಿ ಚಾಚಿ."

"ಮೈದುನ ಅಂದದ್ದು ಒಳಗ ಕೇಳಿಸ್ತು. ಮನಸಿಗೆ ಹಚ್ಚಿಕೋಬ್ಯಾಡ. ಗುಲ್ಫಶಾನ ಬೀಗರು ಕವಿತಾಳದಿಂದ ಬಂದಾರ. ಮುಂದಿನ ತಿಂಗಳ ನಿಕಾಹ್ ಅದ. ಇವ್ರು ಹೋಟೆಲಿನ್ಯಾಗ ಸೂಪರ್‌ವೈಸರ್ ಅಂತ ಹೇಳೀವಿ. ಶರಾಬಿನ ಜಾಗಾದಾಗ ಬಾಜಾ ಊದತಿದ್ರು ಅಂತ ತಿಳದ್ರ ಅವ್ರು ಎದ್ದು ಹೋಗತಾರ. ಹುಡುಗಿ ಮನ್ಯಾಗ ಉಳೀತಾಳ."

ಅಂಬರೀಶ ಪರದೆಯ ಅಂಚು ನೋಡುತ್ತ ನಿಂತ. ಸಾಯುವ ತನಕ ಟವಲು ತುರುಕಿದ್ದರು. ಸತ್ತ ಮೇಲೂ ತುರುಕಬೇಕೇನು ಎಂದು ಕೇಳುವ ಮನಸ್ಸಾಯಿತು.

"ನನಗ ಸುಳ್ಳು ಹೇಳಾಕ ಬರೂದಿಲ್ರಿ ಚಾಚಿ."

"ಸುಳ್ಳು ಹೇಳು ಅನ್ನಲ್ಲಪಾ. ಖರೇ ಹೇಳಬ್ಯಾಡ."

ಹೊರಟವನನ್ನು ಅವರೇ ಮತ್ತೆ ತಡೆದರು.

"ಒಂದು ಕೇಳಲೇನಪಾ? ಅವ್ರು ಊದೋದು ನಾ ಒಂದ್ಸಲಾನೂ ಕೇಳಿಲ್ಲ. ಮನಿಗೆ ತರಬ್ಯಾಡ್ರಿ ಅಂತ ನಾನ ಅಂದಿದ್ದೆ. ರಾಯಚೂರಾಗ ಇಟ್ಟು ಬರತಿದ್ರು. ಚೊಲೋ ಊದತಿದ್ರೇನು?"

"ಭಾಳ ಚೊಲೋರಿ."

ಅಷ್ಟೇ ಬಂತು ಬಾಯಿಗೆ. ಎಂಜಲ ತಾಟಿನ ಮಾತಿಗಿಂತಲೂ ತನ್ನ ಆ ಬಡ ಮಾತೇ ಅವನಿಗೆ ಹೆಚ್ಚು ಅವಮಾನ ಅನಿಸಿತು. ಪರದೆಯಾಚೆ ಬಳೆ ಸದ್ದಾಯಿತು.

*

ಖಬರಸ್ತಾನದಲ್ಲಿ ಎಲ್ಲರೂ ಮಣ್ಣು ಹಾಕಿದ ಮೇಲೆ ಮೂವರೂ ಹಾಕಿದರು. ಕಲೀಮುಲ್ಲಾ ನೋಡಿದ, ತಡೆಯಲಿಲ್ಲ. ದುವಾ ಮುಗಿದು ಮಂದಿ ಕೈ ತೊಳೆಯಲು ನಳದ ಕಡೆ ಹೋದರು. ಅಂಬರೀಶ ಅಲ್ಲೇ ನಿಂತಿದ್ದ.

"ಬಾರಪಾ, ಇಲ್ಲಿ ಬಾ." ಕರೆದವರು ಕವಿತಾಳದ ಬೀಗರು, ಮಹಮ್ಮದ್ ಹುಸೇನ್. ಬಟ್ಟೆ ಅಂಗಡಿಯ ಮನುಷ್ಯ, ಮೆತ್ತಗಿನ ದನಿ. "ಮುಂಜಾನೆ ನಿಮ್ಮನ್ನ ಬಾಗಿಲಾಗ ನಿಲ್ಲಿಸಿದ್ದು ನೋಡಿದೆ. ಹಂಗ ಮಾಡಬಾರದಿತ್ತು."

ಅಂಬರೀಶನಿಗೆ ಗಾಬರಿಯಾಯಿತು. ಜಗಳಕ್ಕೆ ಅವನಲ್ಲಿ ಮಾತಿದ್ದವು, ಇದಕ್ಕೆ ಇರಲಿಲ್ಲ.

"ಸತ್ತವರ ಬಗ್ಗೆ ಜೋಡಿ ಇದ್ದವರು ಒಂದು ಒಳ್ಳೇ ಮಾತು ಹೇಳಬೇಕಪಾ. ಅಲ್ಲಿ ಅದು ಅವರಿಗೆ ಮುಟ್ಟತದ. ಮನಿ ಮಂದಿ ಬಿಡು, ಹೊಗಳೇ ಹೊಗಳತಾರ. ಕೈಕೆಳಗ ದುಡಿದವ ಹೇಳಿದ್ರ ಅದು ಖರೇ. ಹೇಳು, ಹೆಂಥಾ ಮನುಷ್ಯಾ?"

ಸುತ್ತಲಿನವರು ಇತ್ತ ತಿರುಗಿ ನಿಂತರು. ನಳದ ಹತ್ತಿರ ಕಲೀಮುಲ್ಲಾನ ಕೈ ನೀರಿನಡಿಯಲ್ಲೇ ನಿಂತುಬಿಟ್ಟಿತು. ಉಮೇಶ ನೆಲ ನೋಡಿದ.

ಒಳ್ಳೆಯವರು, ಸಮಾಧಾನಿ, ದೇವರಂಥವರು. ಯಾವ ಸತ್ತ ಸೂಪರ್‌ವೈಸರಿಗಾದರೂ ಒಪ್ಪುವ ಮಾತು. ಚಾಚಾ ಅದ್ಯಾವುದೂ ಆಗಿರಲಿಲ್ಲ. ಉಮೇಶನ ಜೇಬಿನ ಬೀಡಿ ಕದಿಯುತ್ತಿದ್ದರು. ತಾಳ ತಪ್ಪಿದರೆ ಅಪ್ಪ ಅಜ್ಜನನ್ನೂ ಸೇರಿಸಿ ಬೈಯುತ್ತಿದ್ದರು. ಊಟಕ್ಕೆ ಕೂತರೆ ಪಕ್ಕದವನ ತಾಟಿನ ತುಂಡಿಗೂ ಕೈ ಹಾಕುತ್ತಿದ್ದರು. ಒಳ್ಳೆಯದೊಂದಿತ್ತು. ಅದು ಆ ಹಿತ್ತಾಳೆಯ ಕೊಳವೆಯಿಂದ ಬರುತ್ತಿತ್ತು. ಅದನ್ನು ಬಿಟ್ಟು ಹೇಳುವಂಥದ್ದು ಅಂಬರೀಶನಿಗೆ ಏನೂ ಗೊತ್ತಿರಲಿಲ್ಲ.

"ಅಂಜಬ್ಯಾಡಪಾ," ಎಂದರು ಮಹಮ್ಮದ್ ಹುಸೇನ್. "ಒಂದ ಮಾತು ಸಾಕು."

ಅಂಬರೀಶ ತಿರುಗಿ ನಡೆದ.

"ಒಂದೂ ಇಲ್ಲೇನಪಾ?" ಹಿಂದಿನಿಂದ ಆ ಮೆತ್ತಗಿನ ದನಿ ನಿಜವಾಗಿ ನೊಂದುಕೊಂಡು ಕೇಳಿತು.

ನಳದ ಮುಂದಿನ ಸಾಲು ಅವನಿಗೆ ಜಾಗ ಬಿಟ್ಟಿತು. ಅವನು ಕೈ ತೊಳೆಯಲು ನಿಲ್ಲಲಿಲ್ಲ. ಗೋರಿಯ ಹಸಿ ಮಣ್ಣು ಮೆತ್ತಿದ ಕೈಗಳನ್ನು ಮೈಗೆ ತಾಗದಂತೆ ಎರಡೂ ಕಡೆ ದೂರ ಹಿಡಿದು, ಗೇಟು ದಾಟಿ, ಬಿಸಿಲಿಗೆ ಇಳಿದ.